ಟು-ಲೆಟ್ ಬೋರ್ಡಿನ ಹಿಂದಿನ ಸಾವಿರ ವರ್ಷ

ಹೋದ ಜೂನಿನಲ್ಲಿ ಅರಸೀಕೆರೆಯ ನಮ್ಮ ಮನೆ ಮಹಡಿಗೆ ಸುಣ್ಣ ಬಣ್ಣ ಹೊಡೆಸಿ, ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅಂತ ಒಂದು ಬೋರ್ಡು ನೇತುಹಾಕಿದೆ. ಎರಡು ರೂಮು, ಒಂದು ಅಡುಗೆಮನೆ, ಹೊರಗಡೆಯಿಂದಲೇ ಮೆಟ್ಟಿಲು. ಮಗಳು ಮದುವೆಯಾಗಿ ಹೋದ ಮೇಲೆ ಮೇಲ್ಗಡೆ ಬರೀ ಕೊಬ್ಬರಿ ಮೂಟೆ, ಹಳೇ ಪೇಪರ್ರು ತುಂಬಿಕೊಂಡಿತ್ತು. ಮೇಷ್ಟ್ರ ಕೆಲಸದಿಂದ ರಿಟೈರ್ ಆಗಿ ಕೂತವನಿಗೆ ನಾಲ್ಕು ಕಾಸು ಬಂದರೆ ಬೇಡ ಅನ್ನೋಕಾಗುತ್ತಾ?

ಬೋರ್ಡು ಹಾಕಿದ ಮೂರನೇ ದಿನ ಸಾಯಂಕಾಲ ಮೂರು ಜನ ಹುಡುಗರು ಬಂದರು. ಕಾಲೇಜಿನಲ್ಲಿ ಓದೋರು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಮೊಬೈಲು, ಮುಖದಲ್ಲಿ ಆ ದಿನ ಆಗಲೇ ನಾಲ್ಕಾರು ಮನೆ ಸುತ್ತಿ ಬಂದ ಸುಸ್ತು. ನಾನು ಹಿತ್ತಿಲಲ್ಲಿದ್ದೆ. ಜಗಲಿ ಮೇಲೆ ಕೂತಿದ್ದ ನಮ್ಮ ಅಮ್ಮ, ಎಂಬತ್ತು ದಾಟಿದ ಜೀವ, ಅವರನ್ನು ಕೂರಿಸಿ ನೀರು ಕೊಟ್ಟು ಮಾತಾಡಿಸುತ್ತಿದ್ದಳು. ನನಗೆ ಕೇಳಿಸಿದ್ದು ಅವಳ ಎರಡನೇ ಪ್ರಶ್ನೆ. ಮೊದಲನೆಯದು ‘ಯಾವೂರಪ್ಪ?’ ಅಂತ ಇದ್ದಿರಬೇಕು. ಎರಡನೆಯದು ಇದು:

“ಯಾವ ಪೈಕಿ ನೀವು?”

ಹಳೇ ಮೈಸೂರು ಕಡೆಯವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳೋದು ಬೇಕಿಲ್ಲ. ಜಾತಿ ಅನ್ನೋ ಪದ ಬಾಯಲ್ಲಿ ಬರೋದಿಲ್ಲ, ಆದರೆ ಕೇಳೋದು ಅದನ್ನೇ. ನಾನು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟೆ. ಕೈಯಲ್ಲಿ ಮಣ್ಣಿತ್ತು. ಒಂದು ಕ್ಷಣ ನನಗೆ ಅರಸೀಕೆರೆ ಮರೆತುಹೋಗಿ ಮೈಸೂರಿನ ಪಡುವಾರಹಳ್ಳಿಯ ಒಂದು ಹೆಂಚಿನ ಮನೆ, 1986ನೇ ಇಸವಿ, ಕಣ್ಣ ಮುಂದೆ ಬಂತು. ಆ ಕಥೆ ಹೇಳುತ್ತೇನೆ. ಅದಕ್ಕೂ ಮುಂಚೆ ನನ್ನ ಹಳೇ ಚಾಳಿಯ ಪ್ರಕಾರ ಸ್ವಲ್ಪ ಚರಿತ್ರೆ. ಮೂವತ್ತು ವರ್ಷ ಪಾಠ ಮಾಡಿದ ಬಾಯಿ, ಸುಮ್ಮನಿರೋದಿಲ್ಲ.

ಓದೋಕೆ ಊರು ಬಿಟ್ಟು ಬಂದ ಹುಡುಗ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು? ಈ ಪ್ರಶ್ನೆಗೆ ಕರ್ನಾಟಕದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಉತ್ತರ ಇದೆ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಅಂತ ಒಂದು ಊರು. ಕ್ರಿ.ಶ. 945ರ ಅಲ್ಲಿನ ಶಾಸನದಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಎಂಬಾತ ಕಟ್ಟಿಸಿದ ಶಾಲೆಯ ವಿಷಯ ಬರುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇಳಿದುಕೊಳ್ಳೋಕೆ ಅಲ್ಲಿ 27 ಮನೆಗಳಿದ್ದವು. ರಾತ್ರಿ ಓದೋಕೆ ದೀಪ ಬೇಕಲ್ಲ, ಅದರ ಎಣ್ಣೆ ಖರ್ಚಿಗೇ ಅಂತ 12 ನಿವರ್ತನ ಭೂಮಿ ಬಿಟ್ಟಿದ್ದರು. ಊರಲ್ಲಿ ಮದುವೆ, ಮುಂಜಿ, ಚೌಲ ಆದ ಮನೆಯವರು ಶಾಲೆಗೆ ಇಷ್ಟು ಹಣ ಅಂತ ಕೊಡಬೇಕಿತ್ತು. ಇವತ್ತು ಬಾಡಿಗೆ ಮನೆಯ ಕರೆಂಟ್ ಬಿಲ್ಲು ಮೂರು ಜನಕ್ಕೆ ಹಂಚುವಾಗ ಜಗಳ ಆಡೋ ಹುಡುಗರಿಗೆ ನಾನು ಈ ಎಣ್ಣೆ ಖರ್ಚಿನ ಕಥೆ ಯಾವಾಗಲೂ ಹೇಳುತ್ತಿದ್ದೆ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಕೋಡಿಯಮಠ ಇತ್ತು. 1162ರ ಶಾಸನ ಅದನ್ನು ವರ್ಣಿಸುವ ರೀತಿ ನೋಡಿದರೆ ಮಠ, ಕಾಲೇಜು, ಹಾಸ್ಟೆಲ್, ಆಸ್ಪತ್ರೆ ಎಲ್ಲ ಒಂದೇ ಕಡೆ ಇದ್ದ ಹಾಗಿದೆ. ವೇದ ಓದೋರು, ವ್ಯಾಕರಣ ಓದೋರು ಅಲ್ಲಿದ್ದರು, ಹಸಿದು ಬಂದವರಿಗೆ ಊಟ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು.

ನಮ್ಮ ಹೊಯ್ಸಳರ ಕಾಲಕ್ಕೆ ಬನ್ನಿ. 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ. ನಾಲ್ಕೇ ವರ್ಷಕ್ಕೆ, 1121ರಲ್ಲಿ, ದೋರಸಮುದ್ರದಲ್ಲಿ, ಅಂದರೆ ಇವತ್ತಿನ ಹಳೇಬೀಡಿನಲ್ಲಿ, ಹೊಯ್ಸಳೇಶ್ವರ ಶುರುವಾಯಿತು. ಅರಸೀಕೆರೆಯ ಶಿವಾಲಯ 1220ರದ್ದು. ಅದರ ಮುಂದಿನ ಹದಿನಾರು ಮೂಲೆಯ ನಕ್ಷತ್ರದಂಥ ಮಂಟಪ ನೋಡೋಕೆ ಈಗಲೂ ದೂರದೂರದಿಂದ ಬರುತ್ತಾರೆ. ಆ ಕಾಲದಲ್ಲಿ ಅರಸೀಕೆರೆಗೆ ‘ಉದ್ಭವ ಸರ್ವಜ್ಞ ವಿಜಯ’ ಅಂತ ಒಂದು ಹೆಸರು, ‘ಬಲ್ಲಾಳಪುರ’ ಅಂತ ಇನ್ನೊಂದು ಹೆಸರು. ಈಗ ರೈಲು ಜಂಕ್ಷನ್ನು, ಕೊಬ್ಬರಿ ಮಾರ್ಕೆಟ್ಟು ಅಂತಷ್ಟೇ ಜನಕ್ಕೆ ಗೊತ್ತಿರುವ ನಮ್ಮೂರು, ಒಂದಾನೊಂದು ಕಾಲಕ್ಕೆ ಪಂಡಿತರ ಊರು. ಹೊಯ್ಸಳರ ಕೊನೆಗಾಲದಲ್ಲಿ, 1290ರಲ್ಲಿ, ಮೂರನೇ ನರಸಿಂಹನ ಮಂತ್ರಿ ಪೆರುಮಾಳೆ ದಣ್ಣಾಯಕ ಮೈಲಂಗೆಯಲ್ಲಿ ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಕಲಿಸೋ ಉಪಾಧ್ಯಾಯರಿಗೆ ದತ್ತಿ ಬಿಟ್ಟ. ಏಳುನೂರು ವರ್ಷದ ಹಿಂದೆಯೇ ತಮಿಳು, ಮರಾಠಿ ಎಲ್ಲ ಒಂದೇ ಜಗಲಿಯಲ್ಲಿ!

ಇದನ್ನೆಲ್ಲ ಕ್ಲಾಸಿನಲ್ಲಿ ಹೇಳುವಾಗ ಎದೆ ಉಬ್ಬುತ್ತೆ. ಉಬ್ಬಲಿ, ತಪ್ಪಿಲ್ಲ. ಆದರೆ 1987ರಲ್ಲಿ ಮಾನಸಗಂಗೋತ್ರಿಯ ನಮ್ಮ ಸೆಮಿನಾರಿನಲ್ಲಿ ಸಾಲೋಟಗಿಯ ವಿಷಯ ಬಂದಾಗ ನನ್ನ ರೂಮ್‌ಮೇಟು ಎದ್ದು ನಿಂತು ಕೇಳಿದ ಒಂದು ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

“ಸಾರ್, ಆ 27 ಮನೆಗಳ ಕಸ ಗುಡಿಸ್ತಿದ್ದೋರು ಎಲ್ಲಿ ಮಲಗ್ತಿದ್ರು?”

ಕ್ಲಾಸು ಗೊಳ್ ಅಂತ ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು ಮಾತ್ರ ನಗಲಿಲ್ಲ. “ಶಾಸನದಲ್ಲಿ ಬರೆದಿಲ್ಲಪ್ಪ. ಬರೆಸಿದವರಿಗೆ ಅದು ಮುಖ್ಯ ಆಗಿರಲಿಲ್ಲ” ಅಂದರು.

ಹಾಗೆ ಕೇಳಿದವನ ಹೆಸರು ನಾನಿಲ್ಲಿ ಬರೆಯೋದಿಲ್ಲ. ಬರೆಯೋ ಅಗತ್ಯವೂ ಇಲ್ಲ. ಆಗ ನಮ್ಮನ್ನು ಯಾರೂ ಹೆಸರು ಹಿಡಿದು ಕರೀತಿರಲಿಲ್ಲ. ನಾವು ಮೂವರು ಹಾಸನ ಜಿಲ್ಲೆಯವರು ಒಟ್ಟಿಗೆ ಮನೆ ಮಾಡಿದ್ದೆವು. ನಾನು ಅರಸೀಕೆರೆ. ಇನ್ನೊಬ್ಬ ಬೇಲೂರು. ಮತ್ತೊಬ್ಬ ಹಳೇಬೀಡು. “ಲೇ ಹಳೇಬೀಡು, ಬಾರೋ ಇಲ್ಲಿ”, “ಬೇಲೂರು ಎಲ್ಲಿ ಹೋದ್ನಪ್ಪ?” ಹೀಗೆ. ನಮ್ಮ ಮನೆಗೆ ಗೆಳೆಯರು ಇಟ್ಟ ಹೆಸರು ‘ಕೆಎಸ್‌ಟಿಡಿಸಿ’. ಅರಸೀಕೆರೆ, ಬೇಲೂರು, ಹಳೇಬೀಡು, ಒಂದೇ ದಿನದ ಪ್ಯಾಕೇಜ್ ಟೂರು ಅಂತ.

ನಮಗಿಂತ ಮುಂಚಿನವರು ಮೈಸೂರಿನಲ್ಲಿ ಹೇಗಿದ್ದರು ಅನ್ನೋದನ್ನೂ ಹೇಳಿಬಿಡುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರ ಜುಲೈ 27ಕ್ಕೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಎರಡು ವರ್ಷದ ಆಸುಪಾಸಿನಲ್ಲಿ ಮೈಸೂರು–ಅರಸೀಕೆರೆ ಮೀಟರ್ ಗೇಜ್ ರೈಲು ದಾರಿಯೂ ಹಾಸನದ ಮೇಲೆ ಬಂತು. ನಮ್ಮ ಸೀಮೆಯ ಹುಡುಗರಿಗೆ ಯೂನಿವರ್ಸಿಟಿ, ಅಲ್ಲಿಗೆ ಹೋಗೋ ರೈಲು ಎರಡೂ ಹೆಚ್ಚು ಕಮ್ಮಿ ಒಟ್ಟಿಗೇ ಸಿಕ್ಕವು. ಆದರೆ ರೈಲು ಇಳಿದ ಮೇಲೆ ಹೋಗೋದೆಲ್ಲಿಗೆ?

ಬ್ರಾಹ್ಮಣರ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಒಂದು ವಾರ ಸಿಗದಿದ್ದರೆ ಆ ದಿನ ಉಪವಾಸ. ನಮ್ಮದೇ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರು ‘ಭಿತ್ತಿ’ಯಲ್ಲಿ ಬರೆದಿರೋ ಆ ಹಸಿವಿನ ದಿನಗಳನ್ನು ಓದಿದವರಿಗೆ ವಾರಾನ್ನ ಅಂದರೆ ಬರೀ ಪುಣ್ಯದ ಕಥೆಯಲ್ಲ, ಅವಮಾನದ ಕಥೆಯೂ ಹೌದು ಅಂತ ಗೊತ್ತಿರುತ್ತೆ. ತಾತಯ್ಯ ಅಂತ ಮೈಸೂರಿನವರು ಕರೆಯೋ ಎಂ. ವೆಂಕಟಕೃಷ್ಣಯ್ಯನವರು ದಿಕ್ಕಿಲ್ಲದ ಹುಡುಗರಿಗಾಗಿ ಅನಾಥಾಲಯ ನಡೆಸಿದರು. ಕುಪ್ಪಳಿಯಿಂದ ಬಂದ ಕುವೆಂಪು ಮೈಸೂರಿನ ರೂಮಿನಲ್ಲಿ ಕಾಯಿಲೆ ಬಿದ್ದಾಗ ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮಕ್ಕೆ ಕರೆದುಕೊಂಡು ಹೋದರು. ಅದೇ ಕುವೆಂಪು ಮುಂದೆ ಕುಲಪತಿಯಾಗಿ, 1960ರಲ್ಲಿ ಶುರುವಾದ ಹೊಸ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟರು.

ಉಳಿದ ಜಾತಿಯವರು ತಮ್ಮ ತಮ್ಮ ದಾರಿ ತಾವೇ ಮಾಡಿಕೊಂಡರು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ವೀರಶೈವ ಮಠಗಳು ಉಚಿತ ಪ್ರಸಾದ ನಿಲಯ ತೆರೆದವು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರ ಸುಮಾರಿನಲ್ಲಿ ಮೈಸೂರಲ್ಲಿ ವಿದ್ಯಾರ್ಥಿನಿಲಯ ಮಾಡಿದರು. ಸಿದ್ಧಗಂಗೆಯ ವಿಷಯ ಎಲ್ಲರಿಗೂ ಗೊತ್ತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕು ಅಂದಮೇಲಂತೂ ಪ್ರತಿ ಜನಾಂಗಕ್ಕೂ ಓದಿದ ಹುಡುಗರು ಬೇಕಾದರು. ಓದಿಸಬೇಕು ಅಂದರೆ ಪಟ್ಟಣದಲ್ಲಿ ಇರೋಕೆ ಜಾಗ ಬೇಕು. ನಮ್ಮ ದೊಡ್ಡಪ್ಪ ಓದಿದ್ದು ನಮ್ಮ ಜನದ ಹಾಸ್ಟೆಲಿನಲ್ಲೇ ಇದ್ದುಕೊಂಡು. ಸಾಯೋವರೆಗೂ ಆ ಹಾಸ್ಟೆಲಿನ ಹುರುಳಿ ಸಾರು ನೆನೆಸಿಕೊಳ್ಳುತ್ತಿದ್ದರು.

ಈ ಹಾಸ್ಟೆಲುಗಳಿಂದ ಆದ ಉಪಕಾರ ದೊಡ್ಡದು. ಕರ್ನಾಟಕದಲ್ಲಿ ಹಳ್ಳಿ ಹುಡುಗ ಡಿಗ್ರಿ ಮಾಡಿದ್ದೇ ಇವುಗಳ ಅನ್ನದಿಂದ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಊರಲ್ಲಿ ಹೇಗೆ ಕೇರಿ ಕೇರಿಯಾಗಿ ಇದ್ದೆವೋ ಪಟ್ಟಣಕ್ಕೆ ಓದೋಕೆ ಹೋದಾಗಲೂ ಹಾಗೇ ಕೇರಿ ಕೇರಿಯಾಗಿ ಉಳಿದುಕೊಂಡೆವು. ದಲಿತ ಹುಡುಗರ ಪಾಲಿಗೆ ಹಾಸ್ಟೆಲ್ ಅಂದರೆ ಎಷ್ಟು ದೊಡ್ಡ ಲೋಕವಾಗಿತ್ತು ಅಂತ ತಿಳಿಯಬೇಕಾದರೆ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಬೆಂಗಳೂರಿನ ಗೋಪಾಲಪುರದ ಹಾಸ್ಟೆಲಿನ ಪುಟಗಳನ್ನು ಓದಿ. ಹಸಿವಿನ ನಡುವೆಯೂ ಅಲ್ಲಿ ನಗು ಇದೆ. ಯಾಕೆ ಅಂದರೆ ಅಲ್ಲಿ ಯಾರೂ ‘ಯಾವ ಪೈಕಿ’ ಅಂತ ಕೇಳುವ ಹಾಗಿರಲಿಲ್ಲ.

ಬೆರೆತು ಇರೋಕೆ ಇದ್ದ ಜಾಗ ಒಂದೇ, ಬಾಡಿಗೆ ರೂಮು. ಬೇರೆ ಬೇರೆ ಜಾತಿಯ ಮೂರು ಜನ ಒಂದು ಸ್ಟೋವು ಹಚ್ಚಿಕೊಂಡು ಒಂದೇ ಪಾತ್ರೆಯಲ್ಲಿ ಉಂಡಿದ್ದು ಏನಾದರೂ ಇದ್ದರೆ ಅದು ಇಲ್ಲಿ. ಆದರೆ ಆ ರೂಮಿನ ಬಾಗಿಲಲ್ಲಿ ಓನರ್ರು ನಿಂತಿರುತ್ತಿದ್ದರು.

1986ರ ಜುಲೈ. ಎಂ.ಎ. ಇತಿಹಾಸಕ್ಕೆ ಸೀಟು ಸಿಕ್ಕಿತ್ತು. ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ನಮಗೆ ಜಾಗ ಸಿಗಲಿಲ್ಲ. ಕ್ಯಾಂಪಸ್ಸಿನ ಪಕ್ಕದ ಪಡುವಾರಹಳ್ಳಿಯಲ್ಲಿ ಹಳ್ಳಿಯ ಮನೆಗಳನ್ನೇ ಪಾರ್ಟಿಷನ್ ಮಾಡಿ ಸ್ಟೂಡೆಂಟುಗಳಿಗೆ ಕೊಡೋದು ವಾಡಿಕೆ. ಮಳೆಯಲ್ಲಿ ಎರಡು ದಿನ ತಿರುಗಿದೆವು. ಮೂರನೇ ದಿನ ಒಂದು ಮನೆ ಒಪ್ಪಿಗೆಯಾಯ್ತು. ಬಾಡಿಗೆ 270 ರೂಪಾಯಿ, ಅಡ್ವಾನ್ಸು ಸಾವಿರ. ತಲೆಗೆ ತೊಂಬತ್ತು. ಯಜಮಾನರು ಒಳ್ಳೆ ಮನುಷ್ಯ, ಹಣೆ ತುಂಬ ಕಳೆ. ಕಾಫಿ ಕೊಟ್ಟು ಕೇಳಿದರು:

“ಯಾವ ಪೈಕಿ ನೀವೆಲ್ಲ?”

ನಾನು ನೆಲ ನೋಡಿದೆ. ಹಳೇಬೀಡು ಕಿಟಕಿ ಕಡೆ ನೋಡಿದ. ಬೇಲೂರು ಮಾತ್ರ, ಮಾತುಗಾರ, ತಟ್ಟನೆ ನಮ್ಮಿಬ್ಬರ ಜಾತಿಯ ಹೆಸರು ಹೇಳಿ, “ಮೂರು ಜನಾನೂ ಒಂದೇ ಸಾರ್, ಸಂಬಂಧದೋರು” ಅಂದುಬಿಟ್ಟ. ಕೆಲಸ ಮುಗೀತು. ಕೀ ಕೈಗೆ ಬಂತು.

ಹೊರಗೆ ಬಂದ ಮೇಲೆ ಬೇಲೂರಿಗೆ ತಾನು ದೊಡ್ಡ ಸಾಹಸ ಮಾಡಿದೆ ಅನ್ನೋ ಖುಷಿ. “ಹೆಂಗೆ?” ಅಂದ. ನಾವಿಬ್ಬರೂ ನಕ್ಕೆವು. ಹಳೇಬೀಡೂ ನಕ್ಕ. ಅವನು ಹೊಲೆಯರ ಹುಡುಗ ಅಂತ ನಮಗೆ ಗೊತ್ತಿತ್ತು. ನಮಗೆ ಅದು ಏನೂ ಅಲ್ಲ ಅಂತಲೂ ನಮಗೆ ಅನ್ನಿಸಿತ್ತು.

ಮನೆ ಅಂದರೆ ಮನೆ. ನಮ್ಮೂರಿನಿಂದ ನಾನು ತೆಂಗಿನಕಾಯಿ, ಕೊಬ್ಬರಿ ತರ್ತಿದ್ದೆ. ಬೇಲೂರು ತೋಟದ ಕಾಫಿಪುಡಿ, ಮೆಣಸು ತರ್ತಿದ್ದ. ಹಳೇಬೀಡು ರಾಗಿಹಿಟ್ಟು. ರೇಷನ್ ಕಾರ್ಡು ಇಲ್ಲದ್ದರಿಂದ ಸೀಮೆಎಣ್ಣೆ ಬ್ಲಾಕಿನಲ್ಲಿ ತರಬೇಕಿತ್ತು. ಗೋಡೆ ಮೇಲೆ ಒಂದು ಲೆಕ್ಕದ ಪುಸ್ತಕ ನೇತುಹಾಕಿದ್ದೆವು. ಯಾರು ನೀರು ಹಿಡಿಯಬೇಕು, ಯಾರು ಪಾತ್ರೆ, ಯಾರು ಅಡುಗೆ ಅಂತ ವಾರದ ಪಟ್ಟಿ. ಮುದ್ದೆ ಕಟ್ಟೋಕೆ ಬರ್ತಿದ್ದಿದ್ದು ಹಳೇಬೀಡಿಗೆ ಒಬ್ಬನಿಗೇ. ನಾವಿಬ್ಬರು ಕಟ್ಟಿದರೆ ಗಂಟು ಗಂಟು. ರಾತ್ರಿ ಮೂವರೂ ಒಂದೇ ಪುಸ್ತಕವನ್ನು ಸರದಿಯ ಮೇಲೆ ಓದುತ್ತಿದ್ದೆವು. ಪುಸ್ತಕ ಕೊಳ್ಳೋಕೆ ದುಡ್ಡು ಎಲ್ಲಿತ್ತು?

ಯಜಮಾನರ ಮನೆಯಿಂದ ಹಬ್ಬಕ್ಕೆ ಒಬ್ಬಟ್ಟು ಬರ್ತಿತ್ತು. ಹಳೇಬೀಡು ಅವರ ಮಗನಿಗೆ ಗಣಿತ ಹೇಳಿಕೊಡ್ತಿದ್ದ. “ಈ ಹುಡುಗ ಎಷ್ಟು ಸಂಸ್ಕಾರವಂತ ನೋಡಿ” ಅಂತ ಅವರು ಬೇರೆಯವರ ಮುಂದೆ ಹೊಗಳುತ್ತಿದ್ದರು.

ನನಗೆ ಒಂದೇ ಒಂದು ವಿಷಯ ವಿಚಿತ್ರ ಅನ್ನಿಸ್ತಿತ್ತು. ನಮ್ಮ ಅಮ್ಮ ಎರಡು ಸಲ ಬಂದು ಇದ್ದು ಹೋಗಿದ್ದಳು. ಬೇಲೂರಿನ ಅಪ್ಪ ಬಂದಿದ್ದರು. ಹಳೇಬೀಡಿನ ಮನೆಯಿಂದ ಯಾರೂ ಬಂದಿರಲಿಲ್ಲ. ಒಂದು ದಿನ ಕೇಳಿದೆ. ಅವನು ಪಾತ್ರೆ ತೊಳೆಯುತ್ತಾ ಹೇಳಿದ:

“ಅವ್ವ ಬಂದಿದ್ಲು ಕಣೋ, ದಸರಾ ಹೊತ್ನಾಗೆ. ಬಸ್ ಸ್ಟ್ಯಾಂಡ್‌ನಾಗೇ ಮಾತಾಡ್ಸಿ, ಟಿಫನ್ ಕೊಡ್ಸಿ ಕಳಿಸ್ದೆ. ರೂಮಿಗೆ ಬಂದ್ರೆ ಯಜಮಾನ್ರ ಹೆಂಡ್ತಿ ಮಾತಾಡಿಸ್ತಾರೆ. ಅವ್ವ ಮಾತಾಡ್ತಾಳೆ. ಮಾತಾಡಿದ್ರೆ ಗೊತ್ತಾಗ್ತದೆ.”

ಅಷ್ಟೇ. ತೊಳೆದ ತಟ್ಟೆ ಬೋರಲು ಹಾಕಿ ಒಳಗೆ ಹೋದ. ಮಗ ಎಂ.ಎ. ಓದೋ ಮನೆ ನೋಡಬೇಕು ಅಂತ ಹಳೇಬೀಡಿನಿಂದ ಹಾಸನ, ಹಾಸನದಿಂದ ಮೈಸೂರು ಅಂತ ಎರಡು ಬಸ್ಸು ಹತ್ತಿ ಬಂದ ಆ ತಾಯಿ, ಬಸ್ ಸ್ಟ್ಯಾಂಡಿನಿಂದಲೇ ವಾಪಸ್ ಹೋಗಿದ್ದಳು. ಬೇಲೂರು ಆಡಿದ ಒಂದು ಸುಳ್ಳಿನ ಬಾಡಿಗೆಯನ್ನು ಕಟ್ಟುತ್ತಿದ್ದವನು ಹಳೇಬೀಡು ಒಬ್ಬನೇ ಅಂತ ನನಗೆ ಹೊಳೆದಿದ್ದು ಆವತ್ತು.

1988ರ ಫೆಬ್ರವರಿಯಲ್ಲಿ ಒಂದು ಲಕೋಟೆ ಬಂತು. ಅವನು ಹಿಂದಿನ ವರ್ಷ ಅರ್ಜಿ ಹಾಕಿದ್ದ ಪರಿಶಿಷ್ಟ ಜಾತಿ ವಿದ್ಯಾರ್ಥಿನಿಲಯದಲ್ಲಿ ಜಾಗ ಖಾಲಿಯಾಗಿದೆ, ಬಂದು ಸೇರಬಹುದು ಅಂತ. ವಿದ್ಯಾರ್ಥಿನಿಲಯದ ಹೆಸರು ಲಕೋಟೆಯ ಮೇಲೇ ಅಚ್ಚಾಗಿತ್ತು. ನಾವು ಕ್ಲಾಸಿಗೆ ಹೋಗಿದ್ದೆವು. ಪೋಸ್ಟ್‌ಮನ್ ಅದನ್ನು ಯಜಮಾನರ ಕೈಗೆ ಕೊಟ್ಟು ಹೋಗಿದ್ದ.

ಬೈಗುಳ ಇಲ್ಲ, ಕೂಗಾಟ ಇಲ್ಲ. ಸಾಯಂಕಾಲ ಬಂದು, ನಮ್ಮ ಮುಖ ನೋಡದೆ, “ಮಗಳು ಬಾಣಂತನಕ್ಕೆ ಬರ್ತಾಳೆ. ತಿಂಗಳ ಕೊನೇಗೆ ಮನೆ ಖಾಲಿ ಮಾಡಿಕೊಡಿ” ಅಂದರು. ಲಕೋಟೆಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಹೋದರು. ಮಾರನೇ ದಿನದಿಂದ ಅವರ ಮಗ ಗಣಿತಕ್ಕೆ ಬರಲಿಲ್ಲ.

ಹಳೇಬೀಡು ನಾಲ್ಕು ದಿನದಲ್ಲಿ ಟ್ರಂಕು ಕಟ್ಟಿದ. ಹಾಸ್ಟೆಲ್ ಸಿಕ್ಕಿತ್ತಲ್ಲ. ನಾವೇ ಸೈಕಲ್ಲಿನ ಮೇಲೆ ಅವನ ಸಾಮಾನು ಸಾಗಿಸಿದೆವು. ಅವನು ಹೋದ ವಾರಕ್ಕೆ ಯಜಮಾನರು ಮತ್ತೆ ಬಂದರು. “ಮಗಳು ಈಗ ಬರಲ್ವಂತೆ. ನೀವಿಬ್ಬರು ಇರೋದಾದ್ರೆ ಇರಿ.”

ನಾವು ಇದ್ದೆವು.

ಇದನ್ನು ಬರೆಯೋದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಎರಡು ತಿಂಗಳಲ್ಲಿ ಪರೀಕ್ಷೆ ಇತ್ತು, ಬೇರೆ ಮನೆ ಸಿಗುತ್ತಿರಲಿಲ್ಲ, ಅಡ್ವಾನ್ಸು ವಾಪಸ್ ಬರುತ್ತೋ ಇಲ್ಲವೋ ಅನ್ನೋ ಭಯ. ಕಾರಣಗಳು ಎಲ್ಲ ಇದ್ದವು, ಎಲ್ಲವೂ ನಿಜವೇ. ಆದರೂ ನಾವು ಇದ್ದೆವು ಅನ್ನೋದು ನಿಜ. ಆ ಎರಡು ತಿಂಗಳು ನಾವು ಮುದ್ದೆ ಮಾಡಲಿಲ್ಲ, ಅನ್ನ ಮಾಡಿಕೊಂಡೆವು. ಪರೀಕ್ಷೆಯಲ್ಲಿ ಭಾರತದ ಸಂವಿಧಾನದ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ಚೆನ್ನಾಗಿ ಬರೆದೆ.

ಆ ಸಂವಿಧಾನದ ವಿಷಯ ಬಂದಿದ್ದರಿಂದ ಹೇಳುತ್ತೇನೆ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರು ಹೇಳುತ್ತದೆ, ಅಲ್ಲೆಲ್ಲ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ ಅನ್ನುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು, ಆಮೇಲೆ 1999ರ ಬಾಡಿಗೆ ಕಾಯ್ದೆ ಬಂತು. ಇವೆಲ್ಲ ಬಾಡಿಗೆ ಎಷ್ಟು, ಖಾಲಿ ಮಾಡಿಸೋದು ಹೇಗೆ ಅನ್ನೋ ಲೆಕ್ಕದವು, ಮನೆಯೊಳಗೆ ಕಾಲಿಟ್ಟ ಮೇಲಿನ ಮಾತು. ಎಲ್ಲರೂ ಹನ್ನೊಂದು ತಿಂಗಳಿಗೇ ಯಾಕೆ ಅಗ್ರಿಮೆಂಟು ಮಾಡಿಸ್ತಾರೆ ಅಂತ ಕೇಳ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಬೇಕು, ಅದಕ್ಕೆ ಒಂದು ತಿಂಗಳು ಕಮ್ಮಿ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಬೇಡ ಅನ್ನುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು ಅಭ್ಯಾಸವಾದವರಿಗೆ ಇದು ತಮಾಷೆಯ ಹಾಗೆ ಕೇಳಿಸುತ್ತೆ. ಇಷ್ಟೆಲ್ಲ ಕಾನೂನಿದ್ದರೂ ಜಗಲಿ ಮೇಲಿನ ಆ ಎರಡನೇ ಪ್ರಶ್ನೆಯನ್ನು ಮುಟ್ಟಿದ್ದು ಕಮ್ಮಿ.

ಹಾಗಂತ ಏನೂ ಬದಲಾಗಿಲ್ಲ ಅಂದರೆ ಅದೂ ಸುಳ್ಳು. ದೇವರಾಜ ಅರಸು ಅವರ ಕಾಲದಲ್ಲಿ, 1977ರಲ್ಲಿ, ಹಿಂದುಳಿದ ವರ್ಗಗಳಿಗೆ ಬೇರೆ ಇಲಾಖೆಯೇ ಆಯಿತು. ಬಿಸಿಎಂ ಹಾಸ್ಟೆಲ್ ಅನ್ನೋ ಪದ ಹಳ್ಳಿ ಹಳ್ಳಿಗೂ ಹೋಯಿತು. ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ, ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡೋ ವಿದ್ಯಾಸಿರಿ 2013–14ರಲ್ಲಿ ಬಂತು. ಒಂದು ಲೆಕ್ಕಕ್ಕೆ ಇದು ಸಾಲೋಟಗಿಯ ದೀಪದೆಣ್ಣೆ ಭೂಮಿಯ ಹೊಸ ರೂಪವೇ, ಆದರೆ ಈ ಸಲ ಪಟ್ಟಿಯಲ್ಲಿ ಹೆಸರಿದ್ದವರು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬೇಲೂರು, ಹಳೇಬೀಡು, ಜಾವಗಲ್ ಕಡೆಯ ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಹಾಸನದ ಕಾಲೇಜಿಗೆ ಹೋಗಿ ರಾತ್ರಿ ಮನೆಗೆ ಬರುತ್ತಿದ್ದಾರೆ. ನಮ್ಮ ಕಾಲಕ್ಕೆ ಮೈಸೂರು ಯೂನಿವರ್ಸಿಟಿಯ ಕವಲಾಗಿದ್ದ ಹಾಸನದ ಹೇಮಗಂಗೋತ್ರಿ ಆಮೇಲೆ ತಾನೇ ಒಂದು ವಿಶ್ವವಿದ್ಯಾನಿಲಯವಾಯಿತು. ಮನೆ ಹತ್ತಿರಕ್ಕೇ ಓದು ಬಂದರೆ ಬಾಡಿಗೆ ಮನೆ ಬೇಕಾಗೋದು ಕಮ್ಮಿ. ಬೇಕಾದವರಿಗೆ ಮಾತ್ರ ಬಾಗಿಲಲ್ಲಿ ಅದೇ ಪ್ರಶ್ನೆ.

ಅವತ್ತು ಹಿತ್ತಿಲ ಬಾಗಿಲಲ್ಲಿ ನಿಂತವನು ಏನು ಮಾಡಿದೆ ಅಂತ ಕೇಳ್ತೀರಾ? ಮೊದಲನೇ ದಿನ ಏನೂ ಮಾಡಲಿಲ್ಲ. ಆ ಹುಡುಗರಲ್ಲಿ ಒಬ್ಬ ಏನೋ ತೊದಲಿದ. ನಾನು ಮುಂದೆ ಬಂದು, “ನಾಳೆ ಬನ್ನಿ, ಮನೆ ತೋರಿಸ್ತೀನಿ” ಅಂತ ಹೇಳಿ ಕಳಿಸಿದೆ. ಅಂದರೆ ಮತ್ತೆ ಅದೇ, ನೆಲ ನೋಡಿದ್ದು.

ರಾತ್ರಿ ಹಳೇಬೀಡಿಗೆ ಫೋನ್ ಮಾಡಿದೆ. ಅವನೂ ರಿಟೈರಾಗಿದ್ದಾನೆ, ಹೈಸ್ಕೂಲಿನ ಹೆಡ್‌ಮಾಸ್ಟರಾಗಿ. ನಾವು ಸಿಗ್ತಿರ್ತೀವಿ, ಮದುವೆ ಮುಂಜಿಗೆ ಹೋಗ್ತೀವಿ, ಆದರೆ ಆ ಮನೆಯ ವಿಷಯ ಯಾವತ್ತೂ ಆಡಿರಲಿಲ್ಲ. ಆವತ್ತು ಆಡಿದೆ. ನಾವಿಬ್ಬರು ಅಲ್ಲೇ ಉಳಿದಿದ್ದು ತಪ್ಪಾಯ್ತು ಕಣೋ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ನೀವು ಉಳ್ಕೊಂಡಿದ್ದು ನಂಗೆ ಅಷ್ಟು ನೋಯಲಿಲ್ಲ ಕಣೋ. ಪರೀಕ್ಷೆ ಇತ್ತು, ಗೊತ್ತು. ಮೊದಲನೇ ದಿನ ಕಾಫಿ ಕುಡೀತಾ ನೀನು ನೆಲ ನೋಡಿದ್ಯಲ್ಲ, ಅದು ನೋಯ್ತು. ಬೇಲೂರು ಪಾಪ ಸುಳ್ಳಾದ್ರೂ ಹೇಳ್ದ. ನಾನು ಬಾಯಿ ಬಿಟ್ರೆ ಮನೆ ಹೋಗ್ತಿತ್ತು. ನೀನು ಬಾಯಿ ಬಿಟ್ಟಿದ್ರೆ ಒಂದು ಮಾತಾಗ್ತಿತ್ತು.”

“ಈಗ ಏನು ಮಾಡ್ಲಿ?” ಅಂದೆ.

“ನೀನು ಕೇಳೋದಿಲ್ಲ ಅಂತ ಗೊತ್ತು. ಅಷ್ಟು ಸಾಲಲ್ಲ. ನಿಮ್ಮಮ್ಮ ಕೇಳ್ದಾಗ ಹಿತ್ತಿಲಲ್ಲಿರಬೇಡ. ಪಕ್ಕದಲ್ಲಿರು.”

ಮಾರನೇ ದಿನ ಹುಡುಗರು ಬರೋ ಹೊತ್ತಿಗೆ ನಾನು ಜಗಲಿ ಮೇಲೇ ಕೂತಿದ್ದೆ. ಬೆಳಿಗ್ಗೆ ಅಮ್ಮನಿಗೆ ಪಡುವಾರಹಳ್ಳಿಯ ಕಥೆ ಪೂರ್ತಿ ಹೇಳಿದ್ದೆ. ಅಲ್ಲಿ ತಾನು ಎರಡು ಸಲ ಉಂಡ ಮುದ್ದೆ ಯಾರು ಕಟ್ಟಿದ್ದು ಅಂತಲೂ. ಅವಳಿಗೆ ಆ ಹುಡುಗ ನೆನಪಿದ್ದ. “ಉಪ್ಪು ಹದ ಗೊತ್ತಿತ್ತು ಅವನಿಗೆ” ಅಂದಳು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಅವಳು ಬದಲಾದಳು ಅಂತ ನಾನು ಹೇಳೋದಿಲ್ಲ. ಎಂಬತ್ತು ವರ್ಷದ ಅಭ್ಯಾಸ ಒಂದು ಬೆಳಿಗ್ಗೆಗೆ ಹೋಗಲ್ಲ.

ಹುಡುಗರು ಬಂದರು. ಅಮ್ಮ ಬಾಯಿ ತೆರೆಯೋ ಮುಂಚೆ ನಾನೇ ಹೇಳಿದೆ, “ನೋಡ್ರಪ್ಪ, ನಿನ್ನೆ ಅಜ್ಜಿ ಒಂದು ಪ್ರಶ್ನೆ ಕೇಳಿದ್ರಲ್ಲ, ಅದಕ್ಕೆ ಉತ್ತರ ಕೊಡೋದು ಬೇಡ. ಈ ಮನೆ ಬಾಡಿಗೆಗೆ ಅದು ಬೇಕಾಗಿಲ್ಲ.” ಅಮ್ಮ ನನ್ನ ಮುಖ ನೋಡಿದಳು. ಹುಡುಗರು ಅವರವರ ಮುಖ ನೋಡಿಕೊಂಡರು.

ಬಾಡಿಗೆ ಮಾತಾಡಿದೆವು. ಎರಡು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಅಗ್ರಿಮೆಂಟು. ನೀರಿನ ಮೋಟಾರು ಬೆಳಿಗ್ಗೆ ಆರಕ್ಕೆ, ರಾತ್ರಿ ಹತ್ತರ ಮೇಲೆ ಗಲಾಟೆ ಬೇಡ. ಬಾಡು ಮಾಡಿಕೊಳ್ಳಬಹುದಾ ಸಾರ್ ಅಂತ ಒಬ್ಬ ಮೆಲ್ಲಗೆ ಕೇಳಿದ. ಮಾಡ್ಕೊಳ್ಳಿ, ಮಾಡಿದ ದಿನ ಕಸ ಮಾತ್ರ ಅವತ್ತೇ ಹೊರಗೆ ಹಾಕಿ ಅಂದೆ. ಇನ್ನೊಬ್ಬ, ಅಷ್ಟು ಹೊತ್ತೂ ಬಾಗಿಲ ಹತ್ತಿರವೇ ನಿಂತಿದ್ದವನು, ಕೊನೆಗೆ ಕೇಳಿದ:

“ಸಾರ್, ಮನೇಲಿಂದ ಯಾರಾದ್ರೂ ಬಂದ್ರೆ ಒಂದೆರಡು ದಿನ ಇರ್ಬಹುದಾ? ನಮ್ಮವ್ವ ನೋಡ್ಬೇಕು ಅಂತಿರ್ತಾಳೆ.”

ನನಗೆ ತಕ್ಷಣ ಮಾತು ಬರಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳೋ ಹೊತ್ತಿಗೆ ಅಮ್ಮನೇ ಹೇಳಿಬಿಟ್ಟಳು:

“ಬರ್ಲಿ ಬಿಡಪ್ಪ. ಅವ್ವ ಬರ್ದೆ ಇನ್ಯಾರು ಬರ್ತಾರೆ?”

ಬೋರ್ಡು ತೆಗೆದು ಒಳಗಿಟ್ಟೆ. ಅಗ್ರಿಮೆಂಟಿಗೆ ಮೂವರೂ ಆಧಾರ್ ಜೆರಾಕ್ಸ್ ಕೊಟ್ಟಿದ್ದಾರೆ. ಹೆಸರು, ತಂದೆ ಹೆಸರು, ಊರು ಎಲ್ಲ ಅದರಲ್ಲಿದೆ. ನಮ್ಮ ಕಡೆಯವರಿಗೆ ಅಷ್ಟು ಸಾಕು, ಲೆಕ್ಕ ಹಾಕಿಬಿಡ್ತೀವಿ. ನಾನೂ ಹಾಕಿದೆನಾ ಅಂತ ನೀವು ಕೇಳಬಹುದು. ಕಣ್ಣು ಹೋಯಿತು. ಸುಳ್ಳು ಹೇಳಲಾರೆ. ಆ ಕಾಗದಗಳನ್ನು ಮಡಚಿ ಬೀರುವಿನಲ್ಲಿಟ್ಟು, ಮೋಟಾರು ಹಾಕೋಕೆ ಹೋದೆ. ಮೇಲೆ ಹುಡುಗರು ಸ್ಟೋವಿಗೆ ಜಾಗ ಹುಡುಕುತ್ತಾ ಆಗಲೇ ಜಗಳ ಶುರು ಮಾಡಿದ್ದರು.